ಅಕ್ಕನಿಗೆ ಶನಿ ತೋರಿಸಲು ಹೋದ ಸಂಜೆ

"ಎದುರಿಗೆ ಕುಂತವರ ಮೂಗು ಕಾಣಂಗಿಲ್ಲೋ ತಮ್ಮಾ. ಕಿವಿ ಮಾತ್ರ ಛಲೋ ಕಾಣ್ತಾವ."

ಗಂಗಾವತಿಯಿಂದ ಅಕ್ಕ ಫೋನಿನಲ್ಲಿ ಹೀಗೆಂದಾಗ ನಾನು ಮೊದಲು ನಕ್ಕುಬಿಟ್ಟೆ. ಆಮೇಲೆ ಆಕೆ ಕಣ್ಣಿನ ಡಾಕ್ಟರ್ ಹೇಳಿದ್ದನ್ನು ಹೇಳಿದಳು. ಕಣ್ಣಿನ ಹಿಂದಿನ ಪರದೆಯ ನಡುಭಾಗ ವಯಸ್ಸಿನಿಂದ ಸವೆದಿದೆ. ನೇರ ನೋಡಿದರೆ ಮಧ್ಯದಲ್ಲೊಂದು ಕಪ್ಪು ಮಚ್ಚೆ. ಅಂಚಿನ ನೋಟ ಉಳಿದಿದೆ. ಮಚ್ಚೆ ಇನ್ನೂ ದೊಡ್ಡದಾಗಬಹುದು. ನನ್ನ ನಗು ಅಲ್ಲಿಗೇ ನಿಂತಿತು.

"ಪೂರಾ ಹೋಗೋದ್ರೊಳಗ ಒಂದ್ ಸಲ ಆ ಶನಿ ಉಂಗುರ ತೋರಿಸಿಬಿಡು. ಮತ್ತೇನೂ ಕೇಳಂಗಿಲ್ಲ" ಎಂದಳು.

ನಿಮಗೆ ಗೊತ್ತೇ ಇದೆ (ಈ ಅಂಕಣದಲ್ಲೇ ಎಷ್ಟು ಸಲ ಕೊಚ್ಚಿಕೊಂಡಿಲ್ಲ ನಾನು!), ನನ್ನ ನೌಕರಿಯೆಲ್ಲ ಟೆಲಿಸ್ಕೋಪುಗಳ ಜೊತೆಯೇ ಕಳೆಯಿತು. ಟೆಲಿಸ್ಕೋಪಿಗೆ ಜೋಡಿಸುವ ಕ್ಯಾಮೆರಾ, ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಯಂತ್ರ, ಇಂಥವನ್ನು ಕಟ್ಟುವ ಎಂಜಿನಿಯರ್ ಆಗಿ ಶುರು ಮಾಡಿದೆ. ಕೊನೆಕೊನೆಗೆ ಕಟ್ಟುವವರನ್ನು ಮ್ಯಾನೇಜ್ ಮಾಡುವವನಾದೆ. ಅಂದರೆ? ಕೈಯಿಂದ ಸ್ಕ್ರೂಡ್ರೈವರ್ ಹೋಯಿತು, ಮೀಟಿಂಗ್ ಬಂತು.

ಆದರೆ ಒಂದು ಮಾತನ್ನು ನಿಮಗೆ ಹೇಳಿರಲಿಲ್ಲ. ಆ ದೊಡ್ಡ ಟೆಲಿಸ್ಕೋಪುಗಳಲ್ಲಿ ಕಣ್ಣಿಟ್ಟು ನೋಡುವ ಜಾಗವೇ ಇರುತ್ತಿರಲಿಲ್ಲ. ಅಲ್ಲಿ ನಮ್ಮ ಕ್ಯಾಮೆರಾ ಕೂತಿರುತ್ತಿತ್ತು. ಹೊಸ ಉಪಕರಣಕ್ಕೆ ಮೊದಲ ಸಲ ನಕ್ಷತ್ರದ ಬೆಳಕು ಬೀಳುವ ದಿನ ಪೂಜೆ ಮಾಡಿ, ಕಾಯಿ ಒಡೆದು, ಪೇಡೆ ಹಂಚಿ, ಎಲ್ಲರೂ ಮಾನಿಟರ್ ಮುಂದೆ ಗುಂಪುಗಟ್ಟುತ್ತಿದ್ದೆವು. ಹೊರಗೆ ಅಷ್ಟು ದೊಡ್ಡ ಆಕಾಶ. ಬಾಗಿಲು ದಾಟಿ ಬಂದು ಕತ್ತೆತ್ತಿದವರು ಯಾರು? ನಾನಂತೂ ಅಲ್ಲ. ಪರದೆಯ ಮೇಲೆ ನಂಬರ್ ಸರಿ ಬಂದರೆ ನನಗೆ ಅದೇ ಪ್ರಸಾದ.

ಅಕ್ಕ ಕನಕಗಿರಿ ಕಡೆ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವಳು. ವರ್ಷ ವರ್ಷವೂ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಶನಿ ಬರೆದವಳು. "ನೀವು ನೋಡೀರೇನ್ರಿ ಟೀಚರ?" ಅಂತ ಮಕ್ಕಳು ಕೇಳಿದರೆ, "ನಾ ನೋಡಿಲ್ಲ, ನನ್ನ ತಮ್ಮ ದಿನಾ ನೋಡ್ತಾನ" ಎನ್ನುತ್ತಿದ್ದಳಂತೆ. ತಮ್ಮನೂ ನೋಡಿರಲಿಲ್ಲ ಎಂಬುದು ಆಕೆಗೆ ಈಗಲೂ ಗೊತ್ತಿಲ್ಲ. (ಅಕ್ಕಾ, ಯಾರಾದರೂ ಇದನ್ನು ಓದಿ ಹೇಳಿದರೆ ಬೈಯಬೇಡ.)

ಸಂಕ್ರಾಂತಿ ಕಳೆದಿತ್ತು. ಶನಿ ಸಂಜೆಯ ಪಶ್ಚಿಮದಲ್ಲಿ ದಿನದಿನಕ್ಕೂ ಕೆಳಗಿಳಿಯುತ್ತಿತ್ತು. ಇನ್ನು ಸ್ವಲ್ಪ ದಿನ ಬಿಟ್ಟರೆ ಸೂರ್ಯನ ಬೆಳಕಿನಲ್ಲಿ ಮರೆಯಾಗಿ, ಮತ್ತೆ ಸಂಜೆಯ ಹೊತ್ತು ಸಿಗುವುದು ದಸರೆಗೇ. ಪುಟ್ಟ ಟೆಲಿಸ್ಕೋಪೊಂದನ್ನು (ಇದಕ್ಕೆ ಕಣ್ಣಿಡುವ ಜಾಗವಿದೆ!) ಕಾರಿಗೆ ಹಾಕಿಕೊಂಡು ಕೊಪ್ಪಳದಿಂದ ಗಂಗಾವತಿಗೆ ಹೊರಟೆ.

ಅಕ್ಕನ ಮನೆಯ ಮಾಳಿಗೆ ಹತ್ತಿದೆವು. ಪಕ್ಕದ ಮಾಳಿಗೆಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಈರಮ್ಮ ನಮ್ಮ ಸಾಹಸದ ವಿಷಯ ಕೇಳಿ ಗಾಬರಿಯಾದರು. "ಶನಪ್ಪನ್ನ ಎದುರಿಗೆ ನಿಂತು ನೋಡಬಾರದ್ರಿ ಟೀಚರ. ಗುಡಿಯಾಗೂ ಬಾಜೂಕ ನಿಂತು ಕೈ ಮುಗೀಬೇಕು."

ನಾನು ಬಿಡುತ್ತೇನೆಯೇ? ಅದೊಂದು ಅನಿಲದ ಉಂಡೆ, ಉಂಗುರವೆಂದರೆ ಮಂಜುಗಡ್ಡೆಯ ಚೂರು ಅಂತ ಅವರಿಗೊಂದು ಲೆಕ್ಚರ್ ಕೊಟ್ಟೆ. ಅಕ್ಕ ನಕ್ಕಳು. "ಇರ್ಲಿ ಬಿಡವಾ ಈರಮ್ಮ, ನನ್ನ ಕಣ್ಣಿಗೆ ಹತ್ತಿದ ಶನಿಗಿಂತ ಅದೇನ್ ದೊಡ್ಡದಲ್ಲ."

ನಕ್ಷತ್ರವನ್ನು ನಟ್ಟ ನಡುವೆ ಕೂರಿಸುವುದು ನಮ್ಮ ಕಸುಬಿನ ಮೊದಲ ಪಾಠ. ಕೂದಲೆಳೆಯಷ್ಟು ಸರಿದರೂ ಅದರ ಬೆಳಕು ಉಪಕರಣದ ಕಿರಿದಾದ ಸೀಳುಕಿಂಡಿಯೊಳಗೆ ಇಳಿಯುವುದಿಲ್ಲ. ಇದಕ್ಕಾಗಿ ಜೂನಿಯರ್‌ಗಳಿಗೆ ಎಷ್ಟು ಬೈದಿದ್ದೇನೋ! ಶನಿಯನ್ನೂ ಹಾಗೆಯೇ ನಡುವೆ ತಂದು ಕೂರಿಸಿ, ಕಣ್ಣಿಟ್ಟೆ. ಉಂಗುರ ತೊಟ್ಟು ನಿಂತಿತ್ತು. ಕ್ಯಾಮೆರಾ ಇಲ್ಲ, ಮಾನಿಟರ್ ಇಲ್ಲ, ನೇರ ನನ್ನ ಕಣ್ಣಿಗೆ. ಇಷ್ಟು ವರ್ಷ ಏನು ಮಾಡುತ್ತಿದ್ದೆ ನಾನು?

"ಬಾ ಅಕ್ಕಾ, ಲಗೂನ ನೋಡು."

ಅಕ್ಕ ಬಗ್ಗಿ ಕಣ್ಣಿಟ್ಟಳು. "ಏನೂ ಇಲ್ಲೋ. ಬರೇ ಕತ್ತಲಿ ಐತಿ."

"ನೆಟ್ಟಗ ನೋಡು. ನಟ್ಟ ನಡುವ ಐತಿ."

ಕಣ್ಣು ಕೀಳದೆ ಬಗ್ಗಿಯೇ ಇದ್ದಳು. ಆಮೇಲೆ ಒಮ್ಮೆಲೇ ಕೂಗಿದಳು. "ಏ, ಬಂತು! ಬಂತೋ ತಮ್ಮಾ! ಎರಡೂ ಕಡೆ ಕಿವಿ ಇದ್ದಂಗ..."

ಈ ಪುಟ್ಟ ಟೆಲಿಸ್ಕೋಪಿಗೆ ಮೋಟಾರಿಲ್ಲ. ಭೂಮಿ ತಿರುಗಿದಂತೆ ಗ್ರಹ ಮೆಲ್ಲಗೆ ಸರಿದು ಅಂಚಿಗೆ ಹೋಗುತ್ತದೆ, ಕೈಯಿಂದಲೇ ತಿರುಗಿಸಬೇಕು. ಅಕ್ಕನನ್ನು ಪಕ್ಕಕ್ಕೆ ಸರಿಸಿ ನೋಡಿದೆ. ಶನಿ ಇನ್ನೇನು ಹೊರಬೀಳುವುದರಲ್ಲಿತ್ತು. ಸದ್ಯ, ಉಳಿಯಿತು! ತಿರುಗಿಸಿ ಮತ್ತೆ ನಟ್ಟ ನಡುವೆ ತಂದೆ.

"ಹೋತು" ಎಂದಳು ಅಕ್ಕ, ಮತ್ತೆ ಕಣ್ಣಿಟ್ಟು.

ಕಾದಳು. ಮತ್ತೆ "ಬಂತು" ಎಂದಳು. ನಾನು ಮತ್ತೆ ಆಕೆಯನ್ನು ಸರಿಸಿ, ಶನಿಯನ್ನು ಮತ್ತೆ ನಡುವೆ ತಂದೆ. ಮತ್ತೆ "ಹೋತು."

"ನೀ ಕೈ ಹಚ್ಚಿದ ಕೂಡ್ಲೆ ಹೋಗ್ತೈತಿ ನೋಡು."

"ನೀ ಅದನ್ನ ಮುಟ್ಟಬ್ಯಾಡ ಅಕ್ಕಾ, ಅಲುಗಾಡ್ತೈತಿ" ಎಂದೆ. ಸ್ವಲ್ಪ ಗದರಿಯೇ ಎಂದೆ. ಮ್ಯಾನೇಜರ್ ಅಲ್ಲವೇ?

ಅಷ್ಟರಲ್ಲಿ ಶನಿ ಪಶ್ಚಿಮಕ್ಕಿದ್ದ ಅಕ್ಕಿ ಗಿರಣಿಯ ಎತ್ತರದ ತಗಡಿನ ಗೋಪುರದ ಹಿಂದೆ ಇಳಿಯಿತು. "ಇರ್ಲಿ ಬಿಡು, ಚಾ ಮಾಡ್ತೀನಿ" ಎಂದು ಅಕ್ಕ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಬೇಜಾರನ್ನು ದನಿಯಲ್ಲಿ ತೋರಿಸಲಿಲ್ಲ.

ಕೆಳಗೆ ಚಹಾದ ಕಪ್ಪು ಕೊಡುವಾಗ ಅಕ್ಕ ಮುಖವನ್ನು ಬಾಗಿಲ ಕಡೆ ತಿರುಗಿಸಿದಳು. ಯಾರೋ ಬಂದರೇನೋ ಅಂದುಕೊಂಡೆ. ಯಾರೂ ಇರಲಿಲ್ಲ. ಆಕೆ ಹಾಗೆ ತಿರುಗಿದ್ದು ಕಣ್ಣಂಚಿನಿಂದ ನನ್ನ ಮುಖ ನೋಡುವುದಕ್ಕೆ.

ಕಪ್ಪು ಕೈಯಲ್ಲೇ ಉಳಿಯಿತು. ಮೂಗು ಕಾಣುವುದಿಲ್ಲ, ಕಿವಿ ಕಾಣುತ್ತವೆ ಅಂತ ಫೋನಿನಲ್ಲೇ ಹೇಳಿದ್ದಳಲ್ಲ! ಶನಿ ಅಂಚಿಗೆ ಹೋದಾಗಲೆಲ್ಲ ಆಕೆಗೆ ಕಂಡಿತ್ತು. ಕಂಡಾಗಲೆಲ್ಲ ನಾನು ಅದನ್ನು ಎಳೆದು ತಂದು ಆ ಕಪ್ಪು ಮಚ್ಚೆಯೊಳಗೆ ಹಾಕಿದ್ದೆ. ಅಷ್ಟು ನಿಖರವಾಗಿ, ಅಷ್ಟು ಪ್ರೀತಿಯಿಂದ.

ಮಾಳಿಗೆಗೆ ಓಡಿದೆ. ಗೋಪುರದ ಮೇಲೆ ಗಿರಣಿಯ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಅಷ್ಟೇ. ಮರುದಿನ ಮೋಡ, ಅದರ ಮರುದಿನವೂ ಮೋಡ. ಮೋಡ ಸರಿಯುವ ಹೊತ್ತಿಗೆ ಶನಿ ಕತ್ತಲಾಗುವ ಮೊದಲೇ ಆ ಗೋಪುರದ ಹಿಂದೆ ಇಳಿದುಬಿಡುತ್ತಿತ್ತು. ದಸರೆಯ ಹೊತ್ತಿಗೆ ಮಚ್ಚೆ ಎಷ್ಟು ಬೆಳೆದಿರುತ್ತದೋ, ಡಾಕ್ಟರೂ ಹೇಳುವುದಿಲ್ಲ.

ಇದು ನನ್ನೊಬ್ಬನ ಕಥೆಯೇ? ಮನೆಯ ಹಿರಿಯರ ಫೋನು, ಟಿವಿ, ಕುರ್ಚಿ, ಮಕ್ಕಳ ಓದು, ಎಲ್ಲವನ್ನೂ ನಮಗೆ ಸರಿ ಕಂಡ ಜಾಗಕ್ಕೆ ತಂದು ಕೂರಿಸಿ "ಈಗ ನೋಡು" ಎನ್ನುತ್ತೇವೆ. ಅವರಿಗೆ ಎಲ್ಲಿಂದ ಕಾಣುತ್ತದೆ ಅಂತ ಕೇಳುವವರು ಎಷ್ಟು ಜನ? ನನಗೆ ಕೇಳುವ ಕೆಲಸವೂ ಇರಲಿಲ್ಲ, ಆಕೆ ತಾನೇ ಹೇಳಿದ್ದಳು.

ಆ ಸಂಜೆ ಮಾಳಿಗೆಯಿಂದ ಇಳಿದು ಬಂದು ಶನಿ ಯಾಕೆ ಬಂದು ಬಂದು ಹೋಯಿತೆಂದು ಅಕ್ಕನಿಗೆ ಬಿಡಿಸಿ ಹೇಳಿದೆ. ಆಕೆ ಬಾಗಿಲ ಕಡೆ ಮುಖ ಮಾಡಿ, ನನ್ನನ್ನೇ ನೋಡುತ್ತಾ ಕೇಳಿದಳು:

"ಹಂಗಾದ್ರ, ನೀ ಸುಮ್ಮನ ನಿಂತಿದ್ರ ಸಾಕಾಗ್ತಿತ್ತೇನೋ ತಮ್ಮಾ?"