ಕೀಲ್ಪಾಕಿನ ಸವತಿ

ಬರಿ ಮೈ, ಎದೆಯ ಮೇಲೆ ಜನಿವಾರ, ಹಣೆಗೆ ಗೋಪೀಚಂದನದ ನಾಮ, ಸೊಂಟಕ್ಕೆ ಬಿಳಿ ಪಂಚೆ, ಎರಡೂ ಕೈಗೆ ಬಿಳಿ ನೂಲಿನ ಕೈಗವಸು. ಕೆಳಮನೆ ಮಾಮನನ್ನು ನಾನು ಮೊದಲು ನೋಡಿದ್ದು ಹೀಗೆ. ಮೈಲಾಪೂರಿನ ಆ ಹಳೇ ಫ್ಲಾಟಿಗೆ ನಾವು ಮೈಸೂರಿನಿಂದ ಸಾಮಾನು ತಂದಿಳಿಸಿದ ದಿನ, ನೀರಿನ ಮೋಟರಿನ ಸ್ವಿಚ್ ಎಲ್ಲಿದೆ ಎಂದು ಕೇಳಲು ಅವರ ಬಾಗಿಲು ತಟ್ಟಿದ್ದೆ. ಆ ಸೆಕೆಯಲ್ಲಿ ಅಂಗಿಯೇ ಬೇಡವಾದ ಮನುಷ್ಯನಿಗೆ ಕೈಗವಸು ಯಾಕೆ ಬೇಕಾಯಿತೋ ಎಂದು ಬಾಯಿ ಬಿಟ್ಟುಕೊಂಡು ನಿಂತೆ. ಅವರು ನನ್ನ ತಮಿಳನ್ನು ಅರ್ಧ ವಾಕ್ಯದವರೆಗೆ ಸಹಿಸಿಕೊಂಡು, "ಕನ್ನಡದಲ್ಲೇ ಹೇಳಮ್ಮಾ, ತಮಿಳು ಪಾವಂ, ಅದನ್ನ ಬಿಟ್ಟುಬಿಡು" ಎಂದರು.

ಮಾಮ ವಕೀಲಿ ಮಾಡಿ ನಿವೃತ್ತರಾದವರು. ಅಜ್ಜನ ಕಾಲದಿಂದ ಮದರಾಸಿನಲ್ಲೇ ಬೇರುಬಿಟ್ಟ ಕನ್ನಡ ಮಾಧ್ವರ ಮನೆ. ಮಕ್ಕಳಿರಲಿಲ್ಲ, ಗಂಡ ಹೆಂಡತಿ ಇಬ್ಬರೇ. ಮಾಮನಿಗಿದ್ದ ಒಂದೇ ಹುಚ್ಚು ಹಳೇ ಆಯುಧಗಳದು. ಬೇರೆಯವರು ಗೊಂಬೆ, ಪದಕ ಇಡುವ ಗಾಜಿನ ಬೀರುವಿನಲ್ಲಿ ಅವರು ಕತ್ತಿ, ಬಾಕು, ಮದ್ದು ತುಂಬುವ ಕೊಂಬು ಇಟ್ಟಿದ್ದರು. ಇಷ್ಟೆಲ್ಲ ಇಟ್ಟುಕೊಂಡೂ ಜಿರಲೆ ಕಂಡರೆ ಮಾಮಿಯನ್ನು ಕೂಗುತ್ತಿದ್ದರು.

ಕೈಗವಸಿನ ಗುಟ್ಟು ಆಮೇಲೆ ತಿಳಿಯಿತು. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಕಬ್ಬಿಣವನ್ನು ತಿನ್ನುತ್ತದಂತೆ. "ಮೈಲಿಗೆ ಅಮ್ಮಾ, ಮೈಲಿಗೆ. ಮಡಿ ಅನ್ನೋದು ನಿಮ್ಮ ಮಾಮಿಗೆ ಮಾತ್ರ ಇರೋದಾ?" ಎನ್ನುತ್ತಿದ್ದರು. ಮಾಮಿಯ ಮಡಿ ಅಡುಗೆಮನೆಯದು, ಮಾಮನ ಮಡಿ ಗಾಜಿನ ಬೀರುವಿನದು. ಒಂದು ವ್ಯತ್ಯಾಸವಿತ್ತು. ಮಾಮಿಯ ಮಡಿಯಲ್ಲಿ ಪಾತ್ರೆ ಹುಣಸೆಹಣ್ಣಿನಲ್ಲಿ ಬೆಳಗಿ ಮುಖ ಕಾಣುವಂತಿರಬೇಕು. ಮಾಮನ ಮಡಿಯಲ್ಲಿ ವಸ್ತುವಿನ ಹಳೇ ಬಣ್ಣ ಒಂದಿಷ್ಟೂ ಕದಲಬಾರದು. "ಕೊಳೆ ಅಂತೀರಲ್ಲಾ, ಅದೇ ಅದರ ವಯಸ್ಸು. ಉಜ್ಜಿಬಿಟ್ಟರೆ ಏನು ಉಳೀತದೆ? ಶುಮ್ಮಾ, ಬರೀ ಕಬ್ಬಿಣ."

ಬೀರುವಿನ ನಡುವಿನ ಖಾನೆ ಮಾತ್ರ ಖಾಲಿ ಇರುತ್ತಿತ್ತು. ಅದು ಕೀಲ್ಪಾಕಿನ ಪಿಸ್ತೂಲಿಗೆ ಕಾದಿಟ್ಟ ಜಾಗ.

ಮಾಮ ಎಳೇ ವಕೀಲರಾಗಿದ್ದಾಗ ಯಾವುದೋ ದಸ್ತಾವೇಜಿಗೆ ಸಹಿ ಹಾಕಿಸಲು ಮದರಾಸಿನದೇ ಇನ್ನೊಂದು ಬಡಾವಣೆಯಾದ ಕೀಲ್ಪಾಕಿನ ಒಂದು ಬಂಗಲೆಗೆ ಹೋಗಿದ್ದರಂತೆ. ಅಲ್ಲಿ ರೇಡಿಯೋ ಪಕ್ಕದಲ್ಲಿ ಆ ಪಿಸ್ತೂಲು ಬಿದ್ದಿತ್ತು. ಕಲ್ಲು ಬಡಿದು ಕಿಡಿ ಹಾರಿಸುವ ಕಾಲದ್ದು. ಮರದ ಹಿಡಿ, ಹಿತ್ತಾಳೆಯ ಕಟ್ಟು, ಕಂದು ತಿರುಗಿದ ನಳಿಗೆ, ನಳಿಗೆಯ ಮೇಲೆ ಉಗುರಿನಗಲ ಒಂದು ಹೂವಿನ ಗುರುತು. ಮಾಡಿದವನು ಹೆಸರಿಗೆ ಬದಲು ಕೊರೆದ ಹೂವು ಅದು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು. ಕೊಡುತ್ತೀರಾ ಎಂದು ಕೇಳಿದ್ದಕ್ಕೆ ಆ ಮನೆಯ ಯಜಮಾನಿ, ಗಂಡನ ಮನೆತನದ ವಸ್ತು, ಈ ಮನೆಯಲ್ಲಿ ನಾನಿರುವ ತನಕ ಹೊರಗೆ ಹೋಗದು ಎಂದರಂತೆ. ಮಾಮ ಅಂದಿನಿಂದ ಪ್ರತಿ ವರ್ಷ ಹೋಗಿ ಅದನ್ನು ನೋಡಿ, ಒಂದು ಗಳಿಗೆ ಕೈಯಲ್ಲಿ ಹಿಡಿದು, ಆಕೆಯ ಚಹಾ ಕುಡಿದು ಬರುತ್ತಿದ್ದರು. ಯಾರಾದರೂ ಮಾಮ ಎಲ್ಲಿ ಎಂದು ಕೇಳಿದರೆ ಮಾಮಿ ನಗದೆ ಹೇಳುತ್ತಿದ್ದರು: "ಕೀಲ್ಪಾಕಿಗೆ ಹೋಗಿದಾರೆ, ಹೆಣ್ಣು ನೋಡಕ್ಕೆ. ನನ್ನ ಸವತಿ ಅಲ್ಲೇ ಇದಾಳೆ. ಅವರು ಕೊಡಲ್ಲ, ಇವರು ಬಿಡಲ್ಲ."

ಕೊನೆಗೆ ಒಂದು ಬೇಸಿಗೆಯಲ್ಲಿ ಆ ಯಜಮಾನಿಯೇ ಫೋನ್ ಮಾಡಿದರು. ಬಂಗಲೆ ಕೆಡವಿ ಫ್ಲಾಟು ಕಟ್ಟುತ್ತಾರೆ, ತಾನು ಮಗಳ ಮನೆಗೆ ಹೋಗುತ್ತಿದ್ದೇನೆ, ಬಂದು ತೆಗೆದುಕೊಂಡು ಹೋಗಿ ಎಂದು. ಅದು ಹಾರಿಸಲು ಬಾರದ ಹಳೇ ವಸ್ತುವೆಂದು ಪೊಲೀಸರಿಂದ ಬರೆಸಿಕೊಳ್ಳಲು ಮಾಮ ಓಡಾಡಿದ ಓಡಾಟ ನೋಡಿದರೆ, ಯಾವ ಕಕ್ಷಿದಾರನಿಗೂ ಅವರು ಅಷ್ಟು ದುಡಿದಿರಲಾರರು. ತರುವ ದಿನ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಮೆಟ್ರೋ ಕೆಲಸಕ್ಕೆ ಅಗೆದ ರಸ್ತೆಯಲ್ಲಿ ಆಟೋ ಕುಲುಕಿದಾಗಲೆಲ್ಲ ತೊಡೆಯ ಮೇಲಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಳ್ಳುತ್ತಿದ್ದರು. ಮುಖದಲ್ಲಿ ಮಾತ್ರ ಸಂತೋಷ ಕಾಣಲಿಲ್ಲ.

"ಯಾಕೆ ಮಾಮಾ ಸುಮ್ಮನಿದ್ದೀರಿ? ಸಿಕ್ಕಿತಲ್ಲ," ಎಂದೆ.

"ಇಷ್ಟು ದಿನ ಆಸೆ ಮಾತ್ರ ಇತ್ತು. ಈಗ ಇದೇ ಕೈಗೆ ಬಂದಿದೆ," ಎಂದರು. "ಕೊಂಜ, ಒಂಚೂರು ಭಯ ಆಗ್ತದಮ್ಮಾ."

ಮನೆ ಬಾಗಿಲಲ್ಲಿ ಮಾಮಿ ಅಡ್ಡ ನಿಂತಿದ್ದರು, ಕೈಯಲ್ಲಿ ಕೆಂಪು ನೀರಿನ ಆರತಿ ತಟ್ಟೆ. "ಸವತೀನ ಮನೆ ತುಂಬಿಸಿಕೊಳ್ಳೋವಾಗ ಹಾಗೇ ಒಳಗೆ ಬಿಡೋದಾ?" ಎಂದು ಪೆಟ್ಟಿಗೆಗೆ ಆರತಿ ಎತ್ತಿದರು. ನಾವು ನಕ್ಕು ಸುಸ್ತಾದೆವು. ಆರತಿ ನೀರನ್ನು ಹೊರಗೆ ಚೆಲ್ಲಿ ಬಂದ ಮಾಮಿ ಒಳಗೆ ಹೋಗಿ ಮತ್ತೆ ತಟ್ಟೆ ತುಂಬಿಸಿ ತಂದು, ಮತ್ತೆ ಅದೇ ಮಾತು ಹೇಳಿ ಆರತಿ ಎತ್ತಿದರು. ಆಗ ಯಾರೂ ನಗಲಿಲ್ಲ. ಮರೆವಿನ ಕಾಯಿಲೆ ಹಿಡಿದಿದೆ ಎಂದು ಡಾಕ್ಟರು ಹೇಳಿದ್ದು ಆ ತಿಂಗಳೇ.

ಆಯುಧಪೂಜೆಯ ದಿನ ಬಂತು. ಮರುದಿನ ಹೈದರಾಬಾದಿನಿಂದ ಮಾಮನ ಗೆಳೆಯರೊಬ್ಬರು, ಅವರೂ ಹಳೇ ಆಯುಧ ಕೂಡಿಡುವವರು, ಆ ಪಿಸ್ತೂಲು ನೋಡಲೆಂದೇ ಬರುವವರಿದ್ದರು. ಮಾಮ ಬೆಳಿಗ್ಗೆ ಬೀರು ತೆಗೆದು, ಕೈಗವಸು ಹಾಕಿಕೊಂಡು, ಪಿಸ್ತೂಲನ್ನು ಪೂಜೆಯ ಮಣೆಯ ಮೇಲಿಟ್ಟು ಸ್ನಾನಕ್ಕೆ ಹೋದರು. ಸ್ನಾನ ಮಾಡದೆ ಪೂಜೆಗೆ ಕೂರುವಂತಿಲ್ಲವಲ್ಲ. ಕೋಯಂಬೇಡಿನ ಹೂಮಾರುಕಟ್ಟೆಯಿಂದ ನನ್ನ ಗಂಡ ತಂದ ಸೇವಂತಿಗೆಯಲ್ಲಿ ಅವರ ಪಾಲು ಕೊಡಲು ನಾನು ಕೆಳಗಿಳಿದೆ. ಮಾಮ ಒದ್ದೆ ಪಂಚೆಯಲ್ಲಿ ಬಚ್ಚಲಿನಿಂದ ಹೊರಬಂದದ್ದೂ ಆಗಲೇ. ಮಣೆ ಖಾಲಿ ಇತ್ತು. ಅಡುಗೆಮನೆಯ ನಲ್ಲಿ ಬಿಟ್ಟ ಸದ್ದು ಕೇಳಿ ಇಬ್ಬರೂ ಒಟ್ಟಿಗೆ ಅತ್ತ ಹೋದೆವು.

ಮಾಮಿ ಪಿಸ್ತೂಲನ್ನು ನೀರಿನಡಿ ಹಿಡಿದು ತೊಳೆಯುತ್ತಿದ್ದರು. ಕಟ್ಟೆಯ ಮೇಲೆ ಹಿಂಡಿದ ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. ಹಿತ್ತಾಳೆ ಹೊಸ ಚೊಂಬಿನ ಹಾಗೆ ಹೊಳೆಯುತ್ತಿತ್ತು. ನಳಿಗೆಯ ಕಂದು ಬಣ್ಣ ಎಲ್ಲೂ ಇರಲಿಲ್ಲ. ಮಾಮಿ ಅದನ್ನು ಸೆರಗಿನಲ್ಲಿ ಒರೆಸಿ ಗಂಡನ ಕೈಗೆ ಕೊಟ್ಟರು. "ಎಷ್ಟು ಕಿಲುಬು ಹಿಡಿದಿತ್ತು ನೋಡಿ. ದೇವರ ಮುಂದೆ ಹಾಗೇ ಇಡೋದಾ? ಬೆಳಗಿಟ್ಟೆ."

ಮಾಮ ಅದನ್ನು ಬರಿಗೈಯಲ್ಲಿ ತೆಗೆದುಕೊಂಡರು. ಕೂಗಿ ರೇಗಿದ್ದರೂ ನಾನು ತಪ್ಪೆನ್ನುತ್ತಿರಲಿಲ್ಲ. ಅವರು ಕಿಟಕಿಯ ಬೆಳಕಿಗೆ ನಳಿಗೆಯನ್ನು ಓರೆ ಮಾಡಿ ನೋಡಿದರು. ಹೂವು ಇನ್ನೂ ಇತ್ತು, ಇದೆಯೋ ಇಲ್ಲವೋ ಎನ್ನುವಷ್ಟು. ಆಮೇಲೆ ಹೆಂಡತಿಯ ಮುಖ ನೋಡಿದರು. ಮಾಮಿ ಹೊಗಳಿಕೆಗೆ ಕಾಯುತ್ತಿದ್ದರು.

"ಚೆನ್ನಾಗಿ ಬೆಳಗಿದೀಯ," ಎಂದರು ಮಾಮ. ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ ಪೂಜೆ ಮಾಡಿದರು. ಮಂತ್ರ ಹೇಳುವಾಗ ಎರಡು ಕಡೆ ತಪ್ಪಿತು.

ಮರುದಿನ ಬಂದ ಗೆಳೆಯರು ಪಿಸ್ತೂಲು ನೋಡಿ ತಲೆ ಚಚ್ಚಿಕೊಂಡರಂತೆ. ಯಾವ ತಿಳಿಗೇಡಿ ಮಾಡಿದ ಕೆಲಸ ಇದು ಎಂದು ಕೇಳಿದ್ದಕ್ಕೆ ಮಾಮ "ನಾನೇ" ಎಂದರಂತೆ. ಇದನ್ನು ನನಗೆ ಹೇಳುವಾಗ ಅವರು ತುಸು ನಕ್ಕರು. ಆ ನಗು ನೋಡಲಾಗದೆ ನಾನು ಬೀರುವಿನ ಕಡೆ ತಿರುಗಿದೆ.

ಅಂದೇ ಪಿಸ್ತೂಲು ಬೀಗದೊಳಗೆ ಹೋಯಿತು. ಅಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆವು. ಆದರೆ ದೇವರ ಪಾತ್ರೆ ಬೆಳಗುವ ಶುಕ್ರವಾರ ಬಂದ ಕೂಡಲೇ ಮಾಮಿ ಹುಡುಕತೊಡಗಿದರು. "ನನ್ನ ದೇವರ ಪಾತ್ರೆ ಎಲ್ಲಿ? ಯಾರೋ ಎತ್ತಿಕೊಂಡು ಹೋಗಿದಾರೆ." ಅದು ಪಿಸ್ತೂಲೆಂಬುದು, ಸವತಿಯೆಂಬುದು ಅವರಿಗೆ ಮರೆತೇ ಹೋಗಿತ್ತು. ಮಾಮ ದೀಪ ಕೊಟ್ಟರು, ಪಂಚಪಾತ್ರೆ ಕೊಟ್ಟರು, ನಾನು ನಮ್ಮನೆಯ ಚೊಂಬು ತಂದುಕೊಟ್ಟೆ. ಎಲ್ಲವನ್ನೂ ದೂಡಿದರು. ಊಟ ಬಿಟ್ಟರು. ಮೆಟ್ಟಿಲು ಹತ್ತಿ ಇಳಿದು ಎಲ್ಲರ ಬಾಗಿಲು ತಟ್ಟಿ, ನಮ್ಮ ಪಾತ್ರೆ ಕೊಡಿ ಎಂದು ಕಣ್ಣೀರಿಟ್ಟು ಕೇಳುತ್ತಿದ್ದರು. ಕೈ ಹಿಡಿದು ಕರೆತರುವುದು ಬಿಟ್ಟು ನಮ್ಮಿಂದ ಬೇರೇನೂ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಾಮ ಬೀರುವಿನ ಮುಂದೆ ಬೀಗದಕೈ ಹಿಡಿದು ನಿಂತಿದ್ದರು. "ಕೊಟ್ಟುಬಿಡ್ಲಾ ಅಮ್ಮಾ?"

"ಬೇಡ ಮಾಮಾ. ಇನ್ನೊಂದು ಸಲ ಉಜ್ಜಿದರೆ ಆ ಹೂವೂ ಹೋಗುತ್ತೆ. ಅದಕ್ಕಾಗಿ ಎಷ್ಟು ವರ್ಷ ಕಾದಿರಿ."

"ಆಮಾ, ಕಾದೆ." ಬೀಗದಕೈಯನ್ನು ಬೀಗಕ್ಕೆ ಹಾಕುತ್ತಾ ಹೇಳಿದರು: "ಇವಳಿಗೆ ಬೇರೆ ಏನು ಕೊಡಕ್ಕೂ ನನ್ನ ಹತ್ತಿರ ಇಲ್ಲ."

ಹುಣಸೆಹಣ್ಣನ್ನು ಅವರೇ ನೆನೆಹಾಕಿ, ಅವರೇ ಹಿಂಡಿ, ಮಾಮಿಯ ಮುಂದಿಟ್ಟರು. ಮಾಮಿ ಪಿಸ್ತೂಲನ್ನು ಮಡಿಲಲ್ಲಿಟ್ಟುಕೊಂಡು ಬೆಳಗತೊಡಗಿದರು. ಅಳು ನಿಂತಿತು. ಅರ್ಧ ಬೆಳಗಿದ ಮೇಲೆ, ಹಸಿವಾಗ್ತಿದೆ ಎಂದರು. ಮಾಮ ಎದ್ದು ಮೊಸರನ್ನ ಕಲಸಲು ಹೋದರು. ಅಂದಿನಿಂದ ಅವರ ಕೈಯಲ್ಲಿ ಆ ಬಿಳಿ ಕೈಗವಸನ್ನು ನಾನು ಮತ್ತೆ ನೋಡಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಮಾಮನಿಗೆ ಎದೆನೋವು ಬಂತು. ಕೀಲ್ಪಾಕಿನ ಆಸ್ಪತ್ರೆಗೆ ಕರೆದೊಯ್ದೆವು. ಆಂಬುಲೆನ್ಸಿನಲ್ಲಿ ನನ್ನ ಕೈ ಹಿಡಿದು, "ಶುಕ್ರವಾರ ಹುಣಸೆಹಣ್ಣು ಮರೀಬೇಡ" ಎಂದರು. ಮರಳಿ ಬರಲಿಲ್ಲ. ಪ್ರೀತಿ ಎಂದರೆ ಏನೆಂದು ನನಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಗೊತ್ತಿರುವಷ್ಟನ್ನು ಆ ಮನೆಯ ಅಡುಗೆಕಟ್ಟೆಯ ಪಕ್ಕ ನಿಂತು ಕಲಿತೆ.

ಈಗ ಮಾಮಿಯ ತಂಗಿ ಬಂದು ಜೊತೆಗಿದ್ದಾರೆ. ಶುಕ್ರವಾರ ನಾನು ಹುಣಸೆಹಣ್ಣು ನೆನೆಹಾಕಿಕೊಂಡು ಕೆಳಗಿಳಿಯುತ್ತೇನೆ. ನಳಿಗೆಯ ಮೇಲಿನ ಹೂವು ಹೋಗಿ ಬಹಳ ದಿನವಾಯಿತು. ಮೊನ್ನೆ ಮಾಮಿ ಬೆಳಗುತ್ತಿದ್ದವರು ಕೈ ನಿಲ್ಲಿಸಿ ತಲೆಯೆತ್ತಿದರು.

"ಇವರೆಲ್ಲಿ? ಕಾಣಲ್ಲ."

ತಂಗಿ ಮುಖ ತಿರುಗಿಸಿಕೊಂಡರು. ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳಲು ಧೈರ್ಯ ಬರಲಿಲ್ಲ. "ಕೀಲ್ಪಾಕಿಗೆ ಹೋದರು ಮಾಮಿ," ಎಂದೆ.

ಮಾಮಿಯ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಆ ಹಳೇ ನಗು ಬಂತು.

"ಹೆಣ್ಣು ನೋಡಕ್ಕಾ?" ಎಂದರು. "ಹೋಗ್ಲಿ ಬಿಡು, ಬರ್ತಾರೆ. ಆ ಮನೆಯವರು ಅದನ್ನ ಕೊಡಲ್ಲ."

ಹಾಗೆಂದು ಮಡಿಲಲ್ಲಿದ್ದ ಪಿಸ್ತೂಲನ್ನು ಮತ್ತೆ ಉಜ್ಜತೊಡಗಿದರು. ನಾನು ಇನ್ನಷ್ಟು ಹುಣಸೆಹಣ್ಣು ಹಿಂಡಿಕೊಟ್ಟೆ.