ಕಲ್ಲಪ್ಪನವರ ಹಲ್ಲಿನ ಬೆಳ್ಳಿ

ಅರವತ್ತರ ದಶಕದಲ್ಲಿ ನಾನು ಹಳಿಯಾಳಕ್ಕೆ ಹೊಸ ಹಲ್ಲಿನ ಡಾಕ್ಟರು. ತೇರಗಾಂವದ ರೈತ ಕಲ್ಲಪ್ಪನವರು ಮುಂಬಯಿಯಲ್ಲಿ ಗಂಟಲ ಕ್ಯಾನ್ಸರ್ ಗಡ್ಡೆಗೆ ಕಿರಣ ಚಿಕಿತ್ಸೆ ಕೊಡಿಸಿಕೊಂಡು ಗುಣವಾಗಿ ಬಂದಿದ್ದರು. ಅದಕ್ಕೂ ಮೊದಲು ನಾನೇ ಅವರ ದವಡೆಹಲ್ಲಿಗೆ ತುಂಬಿದ್ದ ಬೆಳ್ಳಿ ಈಗ ಉದುರಿ ಅವರ ಅಂಗೈಯಲ್ಲಿತ್ತು.

"ಕಿರಣಕ್ಕ ಬೆಳ್ಳಿ ಸೋತತೇನ್ರಿ ಡಾಕ್ಟರ?"

ಬೆಳ್ಳಿ ಗಟ್ಟಿಯಾಗೇ ಇತ್ತು, ಸುತ್ತಲಿನ ಹಲ್ಲೇ ಹುಳುಕಾಗಿತ್ತು. ಕಿರಣದಿಂದ ಜೊಲ್ಲು ಬತ್ತುತ್ತದೆ, ಜೊಲ್ಲಿಲ್ಲದೆ ಹಲ್ಲು ಕೆಡುತ್ತದೆ, ಕಿರಣ ಬಿದ್ದ ದವಡೆ ಬೇಗ ಮಾಯುವುದಿಲ್ಲ, ಹಾಗಾಗಿ ಹಲ್ಲು ಕೀಳುವುದೂ ಅಪಾಯ ಎಂದು ಉದ್ದಕ್ಕೆ ಭಾಷಣ ಬಿಗಿದೆ.

"ಬಾಯಿ ಒಣಗಬಾರದಂತ ದಿನಪೂರ್ತಿ ಬೆಲ್ಲದ ಚೂರು ದವಡ್ಯಾಗ ಇಟ್ಕೊಂಡಿರ್ತೇನಲ್ರಿ!"

"ಅದನ್ನ ಮೊದಲು ಬಿಡ್ರಿ, ನೀರು ಕುಡೀರಿ!" ಎಂದು ಗದರಿ, ಮತ್ತೆ ಬೆಳ್ಳಿ ತುಂಬಿದೆ.

ಹೋಗುವಾಗ ಚೀಲದಿಂದ ತಲೆಗಾತ್ರದ ಇಡೀ ಬೆಲ್ಲದ ಪೆಂಟಿ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಹಂಗಾರ ಇದು ನಿಮಗ ಇರಲಿ."

ಅವರ ಬೆಳ್ಳಿ ಉಳಿಯಿತು. ನನ್ನ ಹಲ್ಲು ಹೋಯಿತು.