ಹಾಲಸಿದ್ದಪ್ಪನವರ ಮಾತು, ಅಂಜಿನಪ್ಪನ ದನಿ

ಕುರುಗೋಡಿನ ಅಂಜಿನಪ್ಪ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬಟ್ಟೆ ಹೊಲಿದುಕೊಂಡಿದ್ದ. ಸಿರುಗುಪ್ಪದ ಕಡೆ ಮಾತ್ರ ಅವನನ್ನು ದರ್ಜಿಯೆಂದು ಬಲ್ಲವರು ಕಡಿಮೆ. ಪಾರ್ಟಿಯ ನಾಯಕ ಹಾಲಸಿದ್ದಪ್ಪನವರು ಆಂಧ್ರ ಗಡಿಯ ಹಳ್ಳಿಗಳಲ್ಲಿ ಕನ್ನಡದಲ್ಲಿ ಭಾಷಣ ಮಾಡುತ್ತಿದ್ದರೆ, ಪಕ್ಕದಲ್ಲಿ ನಿಂತು ಅದನ್ನೇ ತೆಲುಗಿನಲ್ಲಿ ಹೇಳುತ್ತಿದ್ದವನು ಅವನು. ನಾಯಕರದು ಸಣ್ಣ ದನಿ. ಅಂಜಿನಪ್ಪನದು ಊರಾಚೆಗೂ ಕೇಳುವ ಕಂಠ.

"ನೀರಿಗೆ ಜಾತಿ ಇಲ್ಲ. ಊರ ಬಾವಿ ಅಂದ್ರ ಊರಾಗಿನ ಎಲ್ಲಾರ ಬಾವಿ" ಎಂದು ಅವರು ಅಂದಾಗ, ಅದನ್ನು ತೆಲುಗಿಗೆ ತಿರುಗಿಸುವ ಇವನ ಮೈ ಜುಮ್ಮೆನ್ನುತ್ತಿತ್ತು.

ಅರವತ್ತೆಂಟನೇ ಇಸವಿಯಲ್ಲಿ ಹಾಲಸಿದ್ದಪ್ಪನವರು ಎದೆನೋವಿನಿಂದ ತೀರಿಕೊಂಡರು. ಆಮೇಲೆ ವರ್ಷಾವರ್ಷ ಅವರ ಪುಣ್ಯತಿಥಿಗೆ ಪಾರ್ಟಿಯವರು ಸಿರುಗುಪ್ಪದಲ್ಲಿ ಪೆಂಡಾಲು ಹಾಕಿಸಿ, ಅಂಜಿನಪ್ಪನ ಬಾಯಲ್ಲಿ ಅವೇ ಮಾತು ಹೇಳಿಸುತ್ತಿದ್ದರು. "ಇವತ್ತಿಗೂ ಎಷ್ಟು ಖರೇ ಅದಾವ ನೋಡ್ರಿ" ಎಂದು ಜನ ತಲೆದೂಗುತ್ತಿದ್ದರು. ಅಂಜಿನಪ್ಪನಿಗೆ ಹೆಮ್ಮೆಯಾಗುತ್ತಿತ್ತು.

ಎಪ್ಪತ್ತೊಂಬತ್ತರ ಸಭೆ ಮುಗಿದ ಮೇಲೆ ಕೂಲಿಯ ಹೆಣ್ಣುಮಗಳೊಬ್ಬಳು ಅವನ ಹತ್ತಿರ ಬಂದಳು. ಹೆಸರು ಗಾದೆಮ್ಮ.

"ಅಣ್ಣಾ, ನಮ್ಮೂರಾಗ ನೀನು ಈ ಮಾತು ಹೇಳಿದಾಗ ನಾನು ಹೊಸದಾಗಿ ಮದುವಿ ಆಗಿ ಬಂದಿದ್ದೆ. ಮರುದಿನಾನೇ ಕೊಡ ತಗಂಡು ಊರ ಬಾವಿಗೆ ಹೋದೆ."

ಸೆರಗು ಸರಿಸಿ ಎಡಗೈ ತೋರಿಸಿದಳು. ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು.

"ಈಗ ಊರಾಗ ಹೆಂಗೈತವ್ವಾ?" ಅಂಜಿನಪ್ಪ ಕೇಳಿದ.

"ಈಗ್ಲೂ ನಮ್ಮ ಕೇರಿಗೆ ಕಾಲುವಿ ನೀರೇ. ಇಲ್ಲಿ ಕುಂತೋರೆಲ್ಲಾ ನಲ್ಲಿ ನೀರು ಕುಡಿಯೋರು. ಇವರಿಗ್ಯಾಕ ಹೇಳ್ತಿ?"

ಅಂಜಿನಪ್ಪ ಅವಳನ್ನು ಕರೆದುಕೊಂಡೇ ಹೋಗಿ ಪಾರ್ಟಿಯ ಮುಖಂಡ ದೊಡ್ಡಬಸಪ್ಪನನ್ನು ಕಂಡ. "ಮುಂದಿನ ಸಭಾ ಈಕಿ ಊರಾಗ ಮಾಡೋಣ್ರಿ."

"ಎಲೆಕ್ಷನ್ ಹತ್ರ ಬಂದೈತಿ. ಊರಿನ ಹಿರೇರನ್ನ ಎದುರು ಹಾಕ್ಕೋಬೇಕೇನು? ಭಾಷಣ ಹೇಳಾಕ ಕರದೀವಿ, ಹೇಳಿ ಹೋಗು."

ಅಂಜಿನಪ್ಪ ಒಬ್ಬನೇ ಬಸ್ಸು ಹತ್ತಿ ಗಾದೆಮ್ಮನ ಊರಿಗೆ ಹೋದ. ಮೈಕಿಲ್ಲ, ಹಾರವಿಲ್ಲ. ಬಾವಿಯ ಹತ್ತಿರ ನಿಂತು ಹಾಲಸಿದ್ದಪ್ಪನವರ ಮಾತನ್ನು ತೆಲುಗಿನಲ್ಲಿ ಹೇಳಿದ. ವಯಸ್ಸಿಗೆ ಗಂಟಲು ಒಡೆದಿತ್ತು. ಕಟ್ಟೆಗಳ ಮೇಲೆ ಕೂತವರು ಕೇಳಿಸಿಕೊಂಡರು, ಯಾರೂ ಎದುರಾಡಲಿಲ್ಲ. ಗಾದೆಮ್ಮ ಕೊಡ ಹಿಡಿದು ಬಾವಿಯ ಮೆಟ್ಟಿಲು ಹತ್ತಿದಳು. ಆಗ ರೈತನೊಬ್ಬ ಎದ್ದು ಬಂದು, ರಾಟೆಯಿಂದ ನೀರು ಸೇದುವ ಹಗ್ಗವನ್ನು ಬಿಚ್ಚಿ, ಸುತ್ತಿ ಹೆಗಲಿಗೆ ಹಾಕಿಕೊಂಡು ನಡೆದ. ಒಂದು ಬೈಗುಳವೂ ಇಲ್ಲ.

"ಹೊಡದಿದ್ರ ಚೊಲೋ ಇತ್ತಣ್ಣ, ಕೇಸಾದ್ರೂ ಹಾಕಬೋದಿತ್ತು" ಎಂದಳು ಗಾದೆಮ್ಮ, ಖಾಲಿ ಕೊಡ ಇಳಿಸುತ್ತ.

ಮುಂದಿನ ಪುಣ್ಯತಿಥಿಗೆ ಅಂಜಿನಪ್ಪ ಹೋಗಲಿಲ್ಲ. ಪಾರ್ಟಿಯವರು ಬೇರೆ ಯಾರನ್ನೋ ಹಿಡಿದರು, ಚಪ್ಪಾಳೆ ಎಂದಿನಂತೆಯೇ ಬಿತ್ತಂತೆ.

ಕೆಲವು ವರ್ಷಗಳ ನಂತರ ಗಾದೆಮ್ಮ ಕೌಲ್ ಬಜಾರಿನ ಅಂಗಡಿ ಹುಡುಕಿಕೊಂಡು ಬಂದಳು. ಸರ್ಕಾರದವರು ಕೇರಿಯಲ್ಲೇ ಬೋರಿಂಗ್ ಹಾಕಿಸಿದ್ದರು.

"ನೀರು ಬಂತಣ್ಣ. ಬಾವಿ ಮಾತ್ರ ಅವರದಾಗೇ ಉಳೀತು. ಇನ್ನ ಅದನ್ನ ಕೇಳೋರೂ ಇಲ್ಲ."

ಸಂತೋಷವೆನ್ನಬೇಕೋ ಬೇಡವೋ ಅಂಜಿನಪ್ಪನಿಗೆ ತಿಳಿಯಲಿಲ್ಲ. ಮಿಷನ್ನು ನಿಲ್ಲಿಸಿ, ಎದುರಿನ ಹೋಟೆಲಿನಿಂದ ಚಹಾ ತರಿಸಿದ. ಇಬ್ಬರೂ ಕೂತು ಕುಡಿದರು.